ಹೆಬ್ಬಾತಿಗೆಂದು ಕೊಂಡ ಕ್ಯಾಮೆರಾ

ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಹೆಬ್ಬಾತುಗಳ ಫೋಟೋ ತೆಗೆಯಬೇಕೆಂದು ನಾನು ಮೊದಲ ಕ್ಯಾಮೆರಾ ಕೊಂಡೆ. ಬೆಟಗೇರಿಯ ಮದುವೆ ಫೋಟೋಗ್ರಾಫರ್ ಒಬ್ಬ ಹಳೆಯ ಕ್ಯಾಮೆರಾಗಳನ್ನು ಅಗ್ಗಕ್ಕೆ ಮಾರುತ್ತಿದ್ದ. ಅವನ ಮೇಜಿನ ಮೇಲೆ ಎರಡಿದ್ದವು. ಒಂದು ಚಿಕ್ಕದು, ದೂರದ್ದನ್ನು ಹತ್ತಿರ ಎಳೆಯುವ ಜೂಮ್ ಅದರಲ್ಲೇ ಇತ್ತು. ಇನ್ನೊಂದು ದೊಡ್ಡದು, ಲೆನ್ಸ್ ಗಿಡ್ಡ, ನೋಡಲು ಗತ್ತಿನದು. ಬೆಲೆ ಹೆಚ್ಚುಕಡಿಮೆ ಒಂದೇ.

ದೊಡ್ಡದನ್ನು ತಂದೆ. ಕೆರೆಯ ದಂಡೆಯಿಂದ ತೆಗೆದ ಚಿತ್ರಗಳನ್ನು ನೋಡಿ ಹೆಂಡತಿ, "ಹಕ್ಕಿ ಎಲ್ಲಿ ಅದಾವರಿ? ನೀರಾಗ ಎಳ್ಳು ಚೆಲ್ಲಿದಂಗ ಐತಲ್ಲ!" ಎಂದು ನಕ್ಕಳು.

ಆ ಫೋಟೋಗ್ರಾಫರ್ ಮೋಸ ಮಾಡಿದನೆಂದು ಎಷ್ಟೋ ಮಂದಿಗೆ ಹೇಳಿದ್ದೇನೆ. ಹೇಳಿ ಹೇಳಿ ನನಗೂ ಅದೇ ನೆನಪಾಗಿ ಉಳಿದಿತ್ತು. ಆದರೆ ಅವನು ಕೇಳಿದ್ದ: "ಏನ ತೆಗಿಯವ್ರದೀರಿ ಸರ? ಅದರ ಮ್ಯಾಲ ಹೇಳ್ತೀನಿ." ತಮ್ಮ ಮಗಳ ಮದುವೆಗೆ ಅವನನ್ನು ಗೊತ್ತು ಮಾಡಲು ಬಂದ ಹಿರಿಯರೊಬ್ಬರು ಪಕ್ಕದಲ್ಲೇ ಕೂತಿದ್ದರು. ಕಾಲೇಜಿನಲ್ಲಿ ಪಾಠ ಹೇಳುವ ನಾನು ಹಕ್ಕಿಗಳ ಹಿಂದೆ ಅಲೆಯುತ್ತೇನೆಂದು ಅವರ ಮುಂದೆ ಹೇಳಲು ನಾಚಿಕೆಯಾಯಿತು. "ಮನ್ಯಾಗಿನ ಕಾರ್ಯಕ್ರಮರಿ. ಕುಬಸ, ತೊಟ್ಟಿಲ," ಎಂದೆ.

"ಹಂಗಾರ ಇದನ್ನ ತಗೋರಿ," ಎಂದು ದೊಡ್ಡದನ್ನು ಕೈಗಿಟ್ಟ.

ಈಗ ಬಳಗದಲ್ಲಿ ಯಾರ ಬಸುರಿ ಸೊಸೆಗೆ ಕುಬಸ ಮಾಡಿದರೂ ಫೋಟೋ ತೆಗೆಯಲು ನನಗೇ ಕರೆ ಬರುತ್ತದೆ. ಈ ಸಲ ಹೆಬ್ಬಾತುಗಳು ಕೆರೆಯಲ್ಲಿದ್ದ ಭಾನುವಾರಗಳೆಲ್ಲ ಲಕ್ಷ್ಮೇಶ್ವರ, ಮುಂಡರಗಿಯ ಮನೆಗಳಲ್ಲಿ ಕಳೆದವು. ಹಸಿರು ಸೀರೆ, ಬಳೆ, ಮುಖದ ನಾಚಿಕೆ ಎಲ್ಲವೂ ಸ್ಪಷ್ಟವಾಗಿ ಬರುತ್ತವೆ. ನಾನು ಹೇಳಿದ ಕೆಲಸಕ್ಕೆ ಅವನು ಸರಿಯಾದ ಕ್ಯಾಮೆರಾವನ್ನೇ ಕೊಟ್ಟಿದ್ದಾನೆ.