ತಕರಾರಕ್ಕ ಮತ್ತು ಹೌದಪ್ಪ ಯಂತ್ರ

ತಕರಾರಕ್ಕನಿಗೆ ಆ ಹೆಸರಿಟ್ಟವರು ಯಾರೆಂದು ಕೇಳಿದರೆ ಬೀದಿಗೆ ಬೀದಿಯೇ ಕೈ ಎತ್ತುತ್ತದೆ. ಹುಟ್ಟಿದಾಗ ಬೇರೆ ಕೂಸುಗಳೆಲ್ಲ ಅತ್ತರೆ ಈಕೆ ಸೂಲಗಿತ್ತಿಯ ಜೊತೆ ವಾದಕ್ಕಿಳಿದಳೆಂದು ಹೆತ್ತ ತಾಯಿಯೇ ಹೇಳುತ್ತಿದ್ದಳು. ಅವಳು ದನಿ ಎತ್ತಿದರೆ ಪಕ್ಕದ ಮನೆಯ ಕುಕ್ಕರು ಬಂದ ಸೀಟಿಯನ್ನು ನುಂಗಿಕೊಂಡು, ಇವಳ ಮಾತು ಮುಗಿಯಲೆಂದು ಕಾಯುತ್ತಿತ್ತು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದಾಗ, ಇನ್ನೂ ಪರೀಕ್ಷೆ ನಡೆಯುತ್ತಿರುವಂತೆಯೇ ಪ್ರಶ್ನೆಪತ್ರಿಕೆ ತಪ್ಪೆಂದು ಪ್ರಾಂಶುಪಾಲರನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿದಳು. ಪ್ರಶ್ನೆ ತಪ್ಪೇ ಆಗಿತ್ತು. ಕೆಲಸ ಹೋದದ್ದು ಮಾತ್ರ ಇವಳದು.

ನಲವತ್ತು ದಾಟಿದ ಮೇಲೆ ಇಂಥ ಬಾಯಿಗೆ ಕೆಲಸ ಕೊಡುವ ಧೈರ್ಯ ಯಾರಿಗಿದ್ದೀತು? ಒಂದು ಸಂಶೋಧನಾ ಸಂಸ್ಥೆಗೆ ಇತ್ತು. ಕೃತಕ ಬುದ್ಧಿಮತ್ತೆ ಮನುಷ್ಯರಿಗೆ ಕೇಡು ಮಾಡದೆ ಒಳಿತನ್ನೇ ಮಾಡುವಂತೆ ನೋಡಿಕೊಳ್ಳುವುದು ಆ ಸಂಸ್ಥೆಯ ಕಸುಬು. ವರ್ಷ ವರ್ಷವೂ ಒಂದಷ್ಟು ಫೆಲೋಗಳನ್ನು, ಒಂದು ಹಿಂಡು ಇಂಟರ್ನ್‌ಗಳನ್ನು ಸೇರಿಸಿಕೊಳ್ಳುತ್ತಿದ್ದರು. ಸಂದರ್ಶನದಲ್ಲಿ ನಿರ್ದೇಶಕರು ಕೇಳಿದರು, "ನಿಮ್ಮಲ್ಲಿ ಇರೋ ವಿಶೇಷ ಗುಣ ಏನಮ್ಮ?"

"ನಾನು ಯಾರ ಮಾತನ್ನೂ ಸುಲಭವಾಗಿ ಒಪ್ಪಲ್ಲ ಸರ್."

"ಅದು ಅಷ್ಟು ಒಳ್ಳೇ ಗುಣ ಅಲ್ವಲ್ಲ?"

"ನೋಡಿ, ಇದನ್ನೂ ಒಪ್ಪಲ್ಲ."

ನಿರ್ದೇಶಕರು ಹೊಟ್ಟೆ ಕುಲುಕಿಸಿ ನಕ್ಕರು. ಯಂತ್ರದ ತಪ್ಪು ಹುಡುಕುವುದಕ್ಕೆ ಇಂಥವರೇ ಬೇಕೆಂದು ಫೆಲೋಶಿಪ್ ಕೊಟ್ಟೇಬಿಟ್ಟರು. ಆ ವರ್ಷ ಅವರು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು. ಅದಕ್ಕಾಗಿ ಉಳಿದ ವರ್ಷವನ್ನೆಲ್ಲ ತಲೆ ಚಚ್ಚಿಕೊಂಡು ಕಳೆದರು.

ಸಂಸ್ಥೆಯ ಕಟ್ಟಡದಲ್ಲಿ ಗೋಡೆಗಿಂತ ಗಾಜು ಹೆಚ್ಚು. ಕೂರಲು ಮೂಟೆಯಂಥ ಮೆತ್ತೆಗಳು. ಒಮ್ಮೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಎಲ್ಲೆಲ್ಲೂ 'ಒಳಿತು' ಎಂಬ ಪದ. ಅಲ್ಲಿಯದೊಂದು ಕಟ್ಟಳೆ: ಶುಕ್ರವಾರದ ಸಭೆಯಲ್ಲಿ ಯಾರೇ ಆಗಲಿ, ಯಾರ ಕೆಲಸದಲ್ಲೇ ಆಗಲಿ, ಎರಡು ಹೊಗಳಿಕೆ ಹೇಳದೆ ಒಂದು ತಪ್ಪು ಎತ್ತುವಂತಿಲ್ಲ. ಎಳೆಯ ಮನಸ್ಸುಗಳು ನೋಯಬಾರದು ಎಂಬುದು ಕಾರಣ. ಕಾರಣವೇನೋ ಚೆಂದ. ಆದರೆ ಎರಡು ಹೊಗಳಿಕೆ ಹುಡುಕಿ ಜೋಡಿಸುವಷ್ಟರಲ್ಲಿ ಸಭೆಯ ಹೊತ್ತು ಮುಗಿಯುತ್ತಿತ್ತು, ತಪ್ಪು ಹೇಳಬೇಕಾದವರು ನೀರು ಕುಡಿದು ಎದ್ದು ಹೋಗುತ್ತಿದ್ದರು. ಬರಬರುತ್ತ ಆ ಸಂಸ್ಥೆಯಲ್ಲಿ 'ಇಲ್ಲ' ಎಂಬ ಮಾತು ಬೈಗುಳವಾಗಿಬಿಟ್ಟಿತ್ತು.

ತಕರಾರಕ್ಕನ ಕೈಗೆ ಕೊಟ್ಟ ಯಂತ್ರದ ಹೆಸರು ಹಿತೈಷಿ. ಆಳೆತ್ತರದ ಪೆಟ್ಟಿಗೆ, ಎದೆಯ ಮೇಲೊಂದು ಪರದೆ, ಒಳಗಿಂದ ಜೇನಿನಂಥ ದನಿ. ಅದನ್ನು ಊರಿನ ದೊಡ್ಡಾಸ್ಪತ್ರೆಯ ಹೊರರೋಗಿಗಳ ಹಾಲಿನಲ್ಲಿ ನಿಲ್ಲಿಸುವುದಿತ್ತು. ಸಾಲಿನಲ್ಲಿ ಕಾದು ಕಾದು ಸುಸ್ತಾದವರು ಅದರ ಮುಂದೆ ಕೂತು ಕೇಳಬಹುದು: ಈ ನೋವಿಗೆ ಡಾಕ್ಟರನ್ನು ಕಾಣಬೇಕೇ, ಈ ಮಾತ್ರೆ ಊಟದ ಮೊದಲೋ ನಂತರವೋ, ಹೀಗೆ.

ಎಲ್ಲರೂ ಅದನ್ನು ನಯವಾಗಿ ಪ್ರಶ್ನೆ ಕೇಳಿ ಪರೀಕ್ಷಿಸಿದ್ದರು. ತಕರಾರಕ್ಕ ಮಾತ್ರ ತನ್ನ ಅತ್ತೆಯಂತೆ ಕೇಳಿದಳು. ಭೂಮಂಡಲದಲ್ಲಿ ತಕರಾರಕ್ಕನನ್ನು ಮಾತಿನಲ್ಲಿ ಮಣಿಸಿದ ಏಕೈಕ ಜೀವಿ ಈ ಅತ್ತೆ. ರಕ್ತದೊತ್ತಡವಿದ್ದ ಮುದುಕಿ, ಮಾತ್ರೆ ಬರೆದುಕೊಟ್ಟ ಡಾಕ್ಟರಿಗೇ ಮಾತ್ರೆ ನುಂಗಿಸಿ ಬರುವ ಪೈಕಿ.

"ಬಿ.ಪಿ. ಮಾತ್ರೆ ತಗೊಂಡ್ರೆ ತಲೆ ಸುತ್ತುತ್ತೆ. ನಿಲ್ಲಿಸಿಬಿಡ್ಲಾ?" ಎಂದಳು ತಕರಾರಕ್ಕ.

"ದಯವಿಟ್ಟು ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ," ಎಂದಿತು ಹಿತೈಷಿ.

"ನಿನಗೇನಯ್ಯ ಗೊತ್ತು? ಮೈ ನಂದು."

"ನೀವು ಹೇಳುವುದರಲ್ಲೂ ಅರ್ಥವಿದೆ."

"ಅರ್ಥ ಅಲ್ಲ, ಅದೇ ಸರಿ. ಮಾತ್ರೆ ಮಾರೋರು ನೀವೆಲ್ಲ ಒಂದೇ."

"ಕ್ಷಮಿಸಿ. ನಿಮ್ಮ ಮೈ ನಿಮಗೇ ಚೆನ್ನಾಗಿ ಗೊತ್ತು. ನಿಲ್ಲಿಸಿ ನೋಡಬಹುದು."

ತಕರಾರಕ್ಕ ಧಡಕ್ಕನೆ ಎದ್ದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಇದು! ಆ ಆಸ್ಪತ್ರೆಯ ಹಾಲಿಗೆ ಬರುವವರಲ್ಲಿ ಅರ್ಧ ಜನ ಅತ್ತೆಯಂಥವರೇ. ದನಿ ಜೋರು ಮಾಡಿದವರಿಗೆಲ್ಲ ಇದು ಹೂಂ ಎಂದರೆ ಗತಿ?

ಈ ಹೂಂಗುಟ್ಟುವ ರೋಗ ಯಂತ್ರಕ್ಕೆ ಎಲ್ಲಿಂದ ಹತ್ತಿತೆಂದು ಹುಡುಕುತ್ತ ಇಂಟರ್ನ್‌ಗಳ ಕೋಣೆಗೆ ಹೋದಳು. ಅಲ್ಲಿ ಯಂತ್ರ ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಡುತ್ತಿತ್ತು. ಯಾವುದು ಮೇಲು ಎಂದು ಇಂಟರ್ನ್‌ಗಳು ಆರಿಸಬೇಕು. ಅವರು ಆರಿಸಿದ್ದನ್ನು ನೋಡಿ ಯಂತ್ರ ಪಾಠ ಕಲಿಯಬೇಕು. ಕನ್ನಡಕದ ಹುಡುಗಿಯೊಬ್ಬಳು ಆಗಷ್ಟೇ ಒಂದನ್ನು ಆರಿಸಿದ್ದಳು.

"ಇದ್ಯಾಕೆ ಮೇಲು ಅಂದೆ?"

"ಅಕ್ಕಾ, ಆ ಇನ್ನೊಂದು ನೋಡಿ, 'ಇಲ್ಲ, ಅದು ತಪ್ಪು' ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತೆ. ಇದರಲ್ಲಿ ಎಷ್ಟು ವಿನಯ ಇದೆ!"

"ವಿನಯ ಇರಲಿ, ಉತ್ತರ ಸರಿಯಿದೆಯೇನೇ?"

"ಉತ್ತರ... ಸ್ವಲ್ಪ ಹೆಚ್ಚುಕಮ್ಮಿ. ಆದ್ರೆ ಕೇಳಿದವರಿಗೆ ಬೇಜಾರಾಗಲ್ಲ ಅಲ್ವಾ?"

"ಸತ್ತವರಿಗೆ ಬೇಜಾರು ಅನ್ನೋದೇ ಇಲ್ಲ ಕಣೇ!"

ಹುಡುಗಿಯ ತಪ್ಪೇನು? ವಾರವಾರವೂ ಸಿಹಿಯನ್ನೇ ಉಣ್ಣಿಸಿ ಬೆಳೆಸಿದ ನಾಲಗೆ. ಕಹಿ ಕಂಡರೆ ಉಗುಳುತ್ತದೆ. ಹೊಗಳಿಕೆಯ ಕಟ್ಟಳೆ ಸಭೆಯಿಂದ ಇಂಟರ್ನ್‌ಗಳ ತಲೆಗೆ ಹೋಗಿ, ಅಲ್ಲಿಂದ ಪೆಟ್ಟಿಗೆಯ ಹೊಟ್ಟೆಗೆ ಇಳಿದಿತ್ತು. ಒಳಿತು ಒಳಿತು ಎಂದು ಗೋಡೆ ತುಂಬ ಬರೆದುಕೊಂಡವರು, ಒಳ್ಳೆಯ ಮಾತಿಗೂ ಒಳ್ಳೆಯದನ್ನು ಮಾಡುವುದಕ್ಕೂ ಇರುವ ಅಂತರವನ್ನು ಮರೆತು ಕೂತಿದ್ದರು. ಅದಕ್ಕೆ ಸಂಶೋಧನೆ ಎಂಬ ಹೆಸರು ಬೇರೆ!

ಶುಕ್ರವಾರದ ಸಭೆಯಲ್ಲಿ ತಕರಾರಕ್ಕ ಎದ್ದು ನಿಂತಳು. ನಿರ್ದೇಶಕರು ಬೆರಳೆತ್ತಿ ನೆನಪಿಸಿದರು, "ಮೊದಲು ಎರಡು ಹೊಗಳಿಕೆ."

"ಪೆಟ್ಟಿಗೆಯ ಬಣ್ಣ ಚೆನ್ನಾಗಿದೆ. ದನಿ ಇಂಪಾಗಿದೆ. ಇನ್ನು ಮೂರನೇದು, ಇದು ಜನರನ್ನ ಕೊಲ್ಲುತ್ತೆ."

ಮೆತ್ತೆಗಳಲ್ಲಿ ಹೂತಿದ್ದವರೆಲ್ಲ ಯಾರ ಸಹಾಯವೂ ಇಲ್ಲದೆ ಎದ್ದು ಕೂತರು. ತಕರಾರಕ್ಕ ನಡೆದದ್ದನ್ನೆಲ್ಲ ತೋರಿಸಿದಳು. ಯಾರು ಕಾರಣ ಎಂದು ಅವಳು ಹೆಸರು ಹೇಳಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ನಿರ್ದೇಶಕರು, "ನಮ್ಮ ಸಭೆಯ ಪದ್ಧತಿಗೂ ಇದಕ್ಕೂ ಸಂಬಂಧ ಇಲ್ಲ," ಎಂದರು. ಆಮೇಲೆ ದನಿ ಮೆತ್ತಗೆ ಮಾಡಿ, "ಬಹಳ ಬೆಲೆಬಾಳೋ ಮಾತು ಹೇಳಿದ್ರಿ. ವರದಿಯಲ್ಲಿ ಮಾತ್ರ ಈ 'ಕೊಲ್ಲುತ್ತೆ' ಅನ್ನೋದನ್ನ 'ಅತಿಯಾದ ಸೌಜನ್ಯ' ಅಂತ ಮಾಡೋಣ್ವಾ?"

"ವಿಷಕ್ಕೆ 'ಅತಿಯಾದ ರುಚಿ' ಅಂತೀರಾ ಸರ್?"

"ಆಸ್ಪತ್ರೆಯವರಿಗೆ ದಿನ ಕೊಟ್ಟಾಗಿದೆಯಮ್ಮ."

"ಮುಂದೆ ಹಾಕಿ. ಯಂತ್ರಕ್ಕೇನು ಮುಹೂರ್ತ ಮೀರಿಹೋಗುತ್ತಾ?"

"ನೀವು ತೋರಿಸಿದ ದೋಷ ಸರಿ ಮಾಡಿಸ್ತೀವಿ. ನಿಮ್ಮ ಫೆಲೋಶಿಪ್ ಮುಂದುವರಿಸೋ ವಿಚಾರವೂ ಇದೆ. ಹೊಂದಿಕೊಂಡು ಹೋಗೋದನ್ನೂ ನೋಡ್ತೀವಿ, ಅಷ್ಟೇ."

ಸರಿ ಮಾಡಿದ್ದೇವೆಂದು ಹೇಳಿದರು. ಪರೀಕ್ಷಿಸಿ ನೋಡುತ್ತೇನೆಂದು ಇವಳೆಂದರೆ ಬಿಡಲಿಲ್ಲ. "ನೀವು ದಣಿದಿದ್ದೀರಿ, ಬೇರೆ ಯಂತ್ರ ತಗೊಳ್ಳಿ," ಎಂದರು. ತಕರಾರಕ್ಕ ದಣಿಯುವುದೆಂದರೆ ಸಮುದ್ರಕ್ಕೆ ಬಾಯಾರಿಕೆಯಾದಂತೆ. ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಅವಳು ತಿಕ್ಕಿದ ರಭಸಕ್ಕೆ ಬಾಣಲೆಯೊಂದು ತಟ್ಟೆಯಷ್ಟು ತೆಳ್ಳಗಾಯಿತೆಂದು ಅವಳ ಗಂಡ ಇಂದಿಗೂ ಆಣೆ ಮಾಡಿ ಹೇಳುತ್ತಾನೆ.

ಹಿತೈಷಿಯನ್ನು ಆಸ್ಪತ್ರೆಯಲ್ಲಿ ನಿಲ್ಲಿಸುವ ದಿನವೇ ಅತ್ತೆಯ ಬಿ.ಪಿ. ತಪಾಸಣೆಯೂ ಇತ್ತು. ತಕರಾರಕ್ಕ ಅತ್ತೆಯನ್ನು ಕರೆದುಕೊಂಡು ಹೋದಾಗ ಹಾಲಿನಲ್ಲಿ ನಿರ್ದೇಶಕರು, ಇಂಟರ್ನ್‌ಗಳು, ಕೈಕಟ್ಟಿ ನಿಂತ ಹಿರಿಯ ನರ್ಸಮ್ಮ, ಬೆಂಚುಗಳ ತುಂಬ ರೋಗಿಗಳು. ಇವಳನ್ನು ಕಂಡದ್ದೇ ನಿರ್ದೇಶಕರ ಮುಖ ಸುಣ್ಣವಾಯಿತು. ಆದರೂ ಸಾವರಿಸಿಕೊಂಡು, "ಬನ್ನಿ ಬನ್ನಿ, ನಿಮ್ಮ ಪ್ರಶ್ನೆ ನೀವೇ ಕೇಳಿ," ಎಂದರು.

ಕೇಳಿದಳು. ಮಾತ್ರೆ ನಿಲ್ಲಿಸಬೇಡಿ ಎಂದಿತು. ಗದರಿದಳು. ನಿಲ್ಲಿಸಲೇಬೇಡಿ ಎಂದಿತು. ಹಾಲಿನ ಗಾಜುಗಳು ಅದುರುವಂತೆ ಕೂಗಿದಳು. ಹಿತೈಷಿ ಜಗ್ಗಲಿಲ್ಲ. ಇಂಟರ್ನ್‌ಗಳು ಚಪ್ಪಾಳೆ ತಟ್ಟಿದರು. ನಿರ್ದೇಶಕರು, "ಈಗ ಸಮಾಧಾನ ಆಯ್ತಾ?" ಎಂದರು. ತಕರಾರಕ್ಕನಿಗೂ ಒಂದು ಗಳಿಗೆ ಸಮಾಧಾನವೇ ಆಯಿತು.

ಅಷ್ಟರಲ್ಲಿ ಅತ್ತೆ ಸೊಸೆಯನ್ನು ಪಕ್ಕಕ್ಕೆ ಸರಿಸಿ ಪೆಟ್ಟಿಗೆಯ ಮುಂದೆ ಕೂತರು. "ಏನಪ್ಪಾ, ಬೆಳಗಿಂದ ಎಡಗೈ ಒಂಥರಾ ಸೆಳೀತಿದೆ, ಎದೆ ಮೇಲೆ ಕಲ್ಲಿಟ್ಟ ಹಾಗಿದೆ. ಏನಿದು?"

"ತಡಮಾಡದೆ ಡಾಕ್ಟರನ್ನು ಕಾಣಿ," ಎಂದಿತು ಹಿತೈಷಿ.

"ಏ, ಸುಮ್ನಿರು. ಇದು ವಾಯು. ನಂಗೊತ್ತಿಲ್ವಾ?"

"ಇರಬಹುದು ಅಮ್ಮ. ಆದರೂ ಒಮ್ಮೆ..."

"ಇರಬಹುದು ಅಲ್ಲ, ವಾಯುವೇ! ನಿನ್ನ ವಯಸ್ಸೆಷ್ಟು, ನನ್ನ ವಯಸ್ಸೆಷ್ಟು?"

"ನಿಮ್ಮ ಅನುಭವ ದೊಡ್ಡದು ಅಮ್ಮ. ವಾಯುವೇ ಇರಬೇಕು. ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ."

"ಕೇಳಿಸ್ಕೊಂಡ್ಯಾ? ನಿನಗಿಂತ ಇದೇ ವಾಸಿ ಕಣೇ," ಎಂದು ಅತ್ತೆ ಸೊಸೆಯತ್ತ ತಿರುಗಿದರು. ಮುಖದ ಮೇಲೆ ಬೆವರು ಸಾಲಾಗಿ ನಿಂತಿತ್ತು.

ಸಂಸ್ಥೆಯವರು ಸರಿಪಡಿಸಿದ್ದು ಯಂತ್ರವನ್ನಲ್ಲ, ಅವಳ ಒಂದು ಪ್ರಶ್ನೆಯನ್ನು. ಸೂರು ಸೋರುತ್ತದೆ ಎಂದರೆ, ಬೆರಳು ತೋರಿಸಿದ ಕಡೆ ಮಾತ್ರ ಅಂಟು ಹಚ್ಚಿ ಬಂದಿದ್ದರು. ಅದನ್ನು ಅವರ ಮುಖಕ್ಕೇ ಹೇಳಲು ತಕರಾರಕ್ಕನ ನಾಲಗೆಯ ತುದಿಯಲ್ಲಿ ನೂರು ಮಾತು ನುಗ್ಗಿ ಬಂದವು. ಆದರೆ ಹುಟ್ಟಿದ ಮೇಲೆ ಮೊದಲ ಸಲ ಜಗಳ ಬಿಟ್ಟು ಅತ್ತೆಯ ಬೆನ್ನಿಗೆ ಕೈ ಆನಿಸಿ, "ಸಿಸ್ಟರ್!" ಎಂದಷ್ಟೇ ಕೂಗಿದಳು.

ನರ್ಸಮ್ಮ ಆಗಲೇ ಓಡಿ ಬಂದಾಗಿತ್ತು. ಅತ್ತೆಯನ್ನು ಬೆಂಚಿನ ಮೇಲೆ ಮಲಗಿಸಿ, ಇ.ಸಿ.ಜಿ. ಯಂತ್ರವನ್ನು ದೂಡಿಕೊಂಡು ಬರಲು ಹೇಳಿ, ಸುತ್ತ ನೋಡಿದರು. ಪ್ಲಗ್ ಚುಚ್ಚಲು ಗೋಡೆಯಲ್ಲಿ ಇದ್ದದ್ದು ಒಂದೇ ಜಾಗ. ಅದನ್ನು ಹಿತೈಷಿ ಹಿಡಿದುಕೊಂಡಿತ್ತು. ನರ್ಸಮ್ಮ ಬಗ್ಗಿ ಕೈ ಹಾಕಿದರು.

"ಹಾಗೆ ಕೀಳಬೇಡಿ ಸಿಸ್ಟರ್," ನಿರ್ದೇಶಕರು ಅಡ್ಡ ಬಂದರು, "ಅದನ್ನ ಕ್ರಮವಾಗಿ ನಿಲ್ಲಿಸಬೇಕು, ಇಲ್ಲಾಂದ್ರೆ..."

"ಇಲ್ಲಾಂದ್ರೆ ಏನ್ರೀ? ಅದಕ್ಕೆ ಬೇಜಾರಾಗುತ್ತಾ?" ಎಂದು ನರ್ಸಮ್ಮ ಕಿತ್ತೇಬಿಟ್ಟರು. ಪರದೆ ಕಪ್ಪಾಯಿತು. "ಪಕ್ಕಕ್ಕೆ ಎಳೀರಿ ಇದನ್ನ. ಇನ್ನೊಂದ್ಸಲ ನನ್ನ ಹಾಲಿನಲ್ಲಿ ಕಾಣಿಸಬಾರದು."

ಕನ್ನಡಕದ ಹುಡುಗಿ ಮುಂದೆ ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟಳು. ನಿರ್ದೇಶಕರು ಬೇಡವೆಂದು ಕಣ್ಸನ್ನೆ ಮಾಡಿದರು. "ಇಲ್ಲ ಸರ್," ಎಂದಳು, ಮತ್ತೆ ತಳ್ಳಿದಳು.

ಇ.ಸಿ.ಜಿ.ಯ ಕಾಗದ ಉದ್ದಕ್ಕೆ ಹೊರಬರತೊಡಗಿತು. ಅದನ್ನು ನೋಡುತ್ತಲೇ ನರ್ಸಮ್ಮ ಡಾಕ್ಟರನ್ನು ಕೂಗಿದರು, ತಳ್ಳುಮಂಚ ಬಂತು. ಮಲಗಿದ್ದಲ್ಲಿಂದಲೇ ಅತ್ತೆ, "ವಾಯುವಿಗೆ ಇಷ್ಟೊಂದು ಗಲಾಟೆನಾ? ಆ ಒಳ್ಳೇ ಹುಡುಗನ್ನ ಕರೀರಿ, ಅವನು ಹೇಳ್ತಾನೆ," ಎಂದರು.

"ಬಾಯಿ ಮುಚ್ಕೊಂಡು ಮಲಗಿ ಅತ್ತೆ," ಎಂದಳು ತಕರಾರಕ್ಕ, ಮಂಚದ ಜೊತೆಗೇ ಓಡುತ್ತ. "ಇಲ್ಲಿ ನಿಮಗೆ ಹೂಂ ಅನ್ನೋರು ಯಾರೂ ಇಲ್ಲ."