ಕಲ್ಲು ಕುದಿಸಿದ ದಿನ

ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಏಳುವ ಹಬೆಗೂ ನಾನೀಗ ಮುಖ ತಿರುಗಿಸುತ್ತೇನೆ. ಆ ಮಧ್ಯಾಹ್ನದಿಂದ ಹೀಗಾಗಿದೆ.

ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಎರಡು ಮಗ್ಗಗಳಿವೆ. ಬಿ.ಎಸ್ಸಿ. ಓದಿ ಮಗ್ಗಕ್ಕೇ ಬಂದವನು ನಾನು. ನೂಲು ಹದ ಮಾಡುವುದು ಅವ್ವ. ಕಚ್ಚಾ ರೇಷ್ಮೆಯ ಅಂಟು ಬಿಡಬೇಕಾದರೆ ಅದನ್ನು ಸೋಪು, ಸೋಡಾ ಹಾಕಿದ ನೀರಿನಲ್ಲಿ ಕುದಿಸಬೇಕು. ಹಿತ್ತಲಿನ ಶೀಟಿನ ಕೋಣೆಯಲ್ಲಿ ಹಂಡೆಯ ಮುಂದೆ ನಿಂತು, ಕೋಲಿನಲ್ಲಿ ನೂಲು ತಿರುವುತ್ತಲೇ ಅವಳ ನಲವತ್ತು ವರ್ಷ ಕಳೆದಿವೆ.

ಮಗ್ಗದ ಪಕ್ಕದ ಗೋಡೆಯ ಬಳಿ ನಾನೊಂದು ಉಪ್ಪುನೀರಿನ ಮೀನಿನ ತೊಟ್ಟಿ ಇಟ್ಟಿದ್ದೆ. ಎರಡು ಮೀನು, ಸಮುದ್ರದ ನಾಲ್ಕು ಕಲ್ಲು. ಪ್ಯಾಕೆಟ್ಟಿನ ಉಪ್ಪನ್ನು ಬಕೆಟ್ಟಿನಲ್ಲಿ ಕದಡುವಾಗಲೆಲ್ಲ ಅವ್ವ ರೇಗಿಸುತ್ತಿದ್ದಳು.

“ಸತ್ತೇಗಾಲದ ಅತ್ರ ಕಾವೇರಿ ಅರೀತಾವ್ಳೆ. ಇವ್ನು ನೋಡುದ್ರೆ ಮನೇಲಿ ಸಮುದ್ರ ಕಲಸ್ತಾವ್ನೆ!”

ಕಳೆದ ವರ್ಷ ಆ ಕಲ್ಲುಗಳ ಮೇಲೆ ಹಕ್ಕಿಯ ಪುಕ್ಕದಂಥ ಹಸಿರು ಪಾಚಿ ಹುಟ್ಟಿತು. ಮೊದಲು ಚೆನ್ನಾಗಿಯೇ ಕಂಡಿತು. ಒಂದೇ ತಿಂಗಳಲ್ಲಿ ಕಲ್ಲು ಕಾಣದಂತೆ ಹಬ್ಬಿತು. ದೀಪ ಉರಿಸುವ ಹೊತ್ತು ಕಡಿಮೆ ಮಾಡಿದೆ, ಮೀನಿಗೆ ಊಟ ತಗ್ಗಿಸಿದೆ, ಚಿಮಟದಲ್ಲಿ ಕಿತ್ತೆ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ. ಕಿತ್ತ ಚೂರು ಎಲ್ಲಿ ಅಂಟಿತೋ ಅಲ್ಲೇ ಮತ್ತೆ ಚಿಗುರುತ್ತಿತ್ತು. ನೂಲಿನ ಗಂಟು ಬಿಡಿಸಿ ಪಳಗಿದ ಅವ್ವನೂ ನನ್ನ ಜೊತೆ ಕೂತು ಎಳೆ ಎಳೆಯಾಗಿ ಕಿತ್ತು ಸೋತಳು.

“ಏಟು ದಿನ ಇಂಗೆ ಪುಕ್ಕ ಕೀಳ್ತಾ ಕೂತ್ಕತೀಯ? ಒಂದ್ ಕುದಿ ಕುದಿಸ್ಬುಡ್ಲಾ. ಅಂಟೇ ಬುಡ್ತದೆ, ಪಾಚಿ ಬುಡಲ್ವಾ?”

ನನಗೂ ಅದು ಸರಿ ಎನಿಸಿತು. ನಮ್ಮ ಮನೆಯಲ್ಲಿ ಎಲ್ಲವೂ ಶುದ್ಧವಾಗುವುದು ಕುದಿದೇ ತಾನೆ?

ಒಂದು ಕಲ್ಲಿನ ಮೇಲೆ ಪಾಚಿಯ ನಡುವೆ ಕಂದು ಬಣ್ಣದ, ಅಂಗಿಯ ಗುಂಡಿಯಂಥ ಜೀವಿಗಳಿದ್ದವು. ಅವನ್ನು ಬರಿಗೈಯಲ್ಲಿ ಮುಟ್ಟಬೇಡಿ, ವಿಷ ಇರುತ್ತದೆ ಎಂದು ಕಲ್ಲು ಮಾರಿದವರು ಹೇಳಿದ್ದರು. ಹಾಗಾಗಿ ಆ ದಿನ ನಾನು ಗ್ಲೌಸ್ ಹಾಕಿಕೊಂಡೇ ಮೊದಲು ಆ ಕಲ್ಲನ್ನೆತ್ತಿ ಹಂಡೆಗೆ ಹಾಕಿದೆ. ಇದನ್ನು ನೆನೆದಾಗಲೇ ನನಗೆ ಹೆಚ್ಚು ಭಯವಾಗುವುದು. ಕೈಗೆ ಗ್ಲೌಸ್ ಹಾಕುವಷ್ಟು ತಿಳಿದಿತ್ತು. ಕುದಿಸಿದರೆ ಆ ವಿಷ ಹಬೆಯ ಜೊತೆ ಮೂಗಿಗೆ ಬರುತ್ತದೆ ಎಂದು ಹೊಳೆಯಲಿಲ್ಲ.

ಹೊರಗೆ ಜಡಿಮಳೆ. ಎರಚಲು ಬೀಳುತ್ತದೆಂದು ಅವ್ವ ಕಿಟಕಿ ಮುಚ್ಚಿದಳು. ಹಂಡೆ ಕುದಿಯಿತು. ಕೋಣೆಯಲ್ಲಿ ಹಸಿಮೀನಿನ ವಾಸನೆ ತುಂಬಿತು. ಅವ್ವ ಬಗ್ಗಿ ಬಗ್ಗಿ ನೋಡುತ್ತಾ, ನೂಲು ತಿರುವುವ ಕೋಲಿನಲ್ಲೇ ಕಲ್ಲು ಹೊರಳಿಸಿದಳು. ನಾನು ತೊಟ್ಟಿಗೆ ನೀರು ತುಂಬಲು ಒಳಗೆ ಹೋದೆ.

ಅರ್ಧ ಗಂಟೆಯಾಗಿರಬೇಕು.

“ಲೇ ಮಗಾ, ಬಾಯೆಲ್ಲಾ ತಾಮ್ರದ ಕಾಸು ನೆಕ್ದಂಗಾಯ್ತದೆ ಕಣ್ಲಾ.”

ಬಂದು ನೋಡಿದರೆ ಅವಳು ಗೋಡೆ ಹಿಡಿದು ನಿಂತಿದ್ದಳು. ಬೆಂಕಿಯ ಮುಂದಿದ್ದರೂ ಗಡಗಡ ನಡುಗುತ್ತಿದ್ದಳು. ಕೆಮ್ಮು ಶುರುವಾಗಿ ನಿಲ್ಲಲೇ ಇಲ್ಲ. ಒಲೆ ಆರಿಸುವಷ್ಟರಲ್ಲಿ ನನ್ನ ತುಟಿಯೂ ಜೋಮು ಹಿಡಿಯಿತು. ಅವಳನ್ನು ಎಳೆದುಕೊಂಡು ಮಳೆಗೆ ಬಂದೆ. ಆಟೋದಲ್ಲಿ ಅವಳ ತಲೆ ನನ್ನ ಹೆಗಲ ಮೇಲಿತ್ತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತಾಗುತ್ತಿತ್ತೆಂದರೆ, ಪ್ರತಿ ಸಲವೂ ಇದೇ ಕೊನೆಯದು ಎಂದುಕೊಂಡೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಕೇಳಿದರು: “ಏನ್ ಕುದಿಸ್ತಿದ್ರಿ?”

“ಕಲ್ಲು.”

“ಕಲ್ಲಾ? ಸಾರು ಮಾಡಕಾ?” ನಕ್ಕವರು, ಅವ್ವನ ತುಟಿ ನೀಲಿಯಾಗಿದ್ದನ್ನು ಕಂಡು ಡಾಕ್ಟರನ್ನು ಕರೆಯಲು ಓಡಿದರು.

ಮೊಬೈಲಿನಲ್ಲಿದ್ದ, ಆ ಗುಂಡಿಯಂಥ ಜೀವಿಗಳ ಚಿತ್ರವನ್ನು ಡಾಕ್ಟರಿಗೆ ತೋರಿಸಿದೆ. ಅವರು ಯಾರಿಗೋ ಫೋನು ಮಾಡಿ ಕೇಳಿ, ನನ್ನತ್ತ ತಿರುಗಿದರು. “ಇದಕ್ಕೆ ಮದ್ದು ಅಂತ ಇಲ್ಲ. ಆಕ್ಸಿಜನ್ ಕೊಟ್ಟು ಕಾಯಬೇಕು. ಈ ವಿಷ ಕುದಿಸಿದರೂ ಹೋಗುವುದಿಲ್ಲವಂತೆ.”

ಎರಡು ದಿನ ಕಾದೆ. ಮಾಸ್ಕಿನೊಳಗೆ ಮೂಡಿ ಮಾಯವಾಗುತ್ತಿದ್ದ ಮಂಜನ್ನೇ ನೋಡುತ್ತಾ ಕೂತಿದ್ದೆ. ಮೂರನೆಯ ದಿನ ಅವಳು ಮಾಸ್ಕು ಸರಿಸಿ ಕೇಳಿದಳು. “ಪಾಚಿ ಓಯ್ತಾ?”

ನಾನು ಅತ್ತುಬಿಟ್ಟೆ.

ತೊಟ್ಟಿ ಈಗಿಲ್ಲ. ಕಲ್ಲು ಮಾರಿದ ಅಂಗಡಿಯವರೇ ಬಂದು ಮೀನುಗಳನ್ನೂ ಉಳಿದ ಕಲ್ಲುಗಳನ್ನೂ ಒಯ್ದರು. ಆ ಹಂಡೆಯನ್ನು ಮತ್ತೆ ಒಲೆಗೇರಿಸಲು ನಾನು ಬಿಡಲಿಲ್ಲ. ಅವ್ವ ಮೆಟ್ಟಿಲು ಹತ್ತಿದರೆ ಇನ್ನೂ ಏದುಸಿರು ಬಿಡುತ್ತಾಳೆ. ಆದರೂ ಹೊಸ ಹಂಡೆ ತರಿಸಿ ನೂಲು ಕುದಿಸಲು ನಿಂತಿದ್ದಾಳೆ. ಕಿಟಕಿ, ಬಾಗಿಲು ಎರಡನ್ನೂ ತೆರೆದಿಟ್ಟು ನಾನು ಹೊಸ್ತಿಲಲ್ಲೇ ಕಾಯುತ್ತೇನೆ. ಹಬೆ ಅವಳ ಮುಖ ಮುಚ್ಚಿದೊಡನೆ ಕೂಗುತ್ತೇನೆ.

“ಅವ್ವಾ, ಬಾಯಿ ಏನಾರ ಕಹಿಯಾಯ್ತದಾ?”

“ಬರೀ ರೇಷ್ಮೆ ಕಣ್ಲಾ, ಒಳೀಕ್ ಬಾ.”

ಅವಳು ಹಬೆಯಿಂದ ಹೊರಬರುವವರೆಗೆ ನಾನು ಉಸಿರು ಬಿಡುವುದಿಲ್ಲ.