ಗರಿಗರಿ ಮಾವ ಹಾಸಿಗೆ ನೋಡಿ ಬಂದದ್ದು

ಬೀದಿಯವರಿಗೆಲ್ಲ ಅವರು ಗರಿಗರಿ ಮಾವ. ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಇಟ್ಟವರಿಗೆ ಕಣ್ಣಿತ್ತು. ಮೀಸೆ ಚಿಗುರಿದಾಗಿನಿಂದ ಅದು ಬೆಳ್ಳಗಾಗುವ ತನಕ ಮೂಲೆಯ ಲಾಂಡ್ರಿಯಲ್ಲಿ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ತಿಕ್ಕುತ್ತಲೇ ಬಂದವರು. ಅವರ ಕೈ ದಾಟಿದ ಅಂಗಿ, ಒಳಗೆ ಮನುಷ್ಯ ಇಲ್ಲದಿದ್ದರೂ ತಾನೇ ನಿಲ್ಲುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಮಾವ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದರು. ತಪ್ಪೇನಿಲ್ಲ ಬಿಡಿ, ಅದು ಹೊಗಳಿಕೆಯೇ.

ಲಾಂಡ್ರಿಯ ಮೇಲೆಯೇ ಮನೆ. ಏಣಿಯಂಥ ಮೆಟ್ಟಿಲು ಹತ್ತಿ ಹೋದರೆ ಒಂದು ಅಡುಗೆಮನೆ, ಎರಡು ಕೋಣೆ, ಮಾವ ಮತ್ತು ಅವರ ಅಕ್ಕ. ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕಂಕುಳಲ್ಲಿ ಮಗಳನ್ನಿಟ್ಟುಕೊಂಡು ತಮ್ಮನ ಮನೆಗೆ ಬಂದವರು. ಬಂದ ಮೇಲೆ ಸುಮ್ಮನೆ ಕೂರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ, ಅಲ್ಲೇ ನಿವೃತ್ತರಾದರು. ಮಾವ ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುತ್ತಿದ್ದವರು ಅಕ್ಕ. ಬಂದವಳು ಹಾಸಿಗೆಯ ಮೇಲೆ ಕೂತುಬಿಟ್ಟರೆ ಇವನು ಎಬ್ಬಿಸುತ್ತಾನೆ, ಹಾಗಾಗಿ ಯಾರೂ ಬರಲಿಲ್ಲ ಎನ್ನುತ್ತಿದ್ದರು.

ಇದು ಪೂರ್ತಿ ಸುಳ್ಳಲ್ಲ. ಬೆಳಿಗ್ಗೆ ಹಾಸಿದ ಹಾಸಿಗೆಯ ಮೇಲೆ ರಾತ್ರಿ ಮಲಗುವ ತನಕ ಯಾರೂ ಕೂರುವಂತಿಲ್ಲ ಎನ್ನುವುದು ಆ ಮನೆಯ ಕಾನೂನು. ನೆಂಟರು ಬಂದರೆ ಕುರ್ಚಿ, ಕುರ್ಚಿ ಮುಗಿದರೆ ನೆಲ. ಅಕ್ಕನ ಮಗಳು ಇಡೀ ಶಾಲೆಯ ಓದನ್ನು ನೆಲದ ಮೇಲೆ ಬೋರಲು ಮಲಗಿಯೇ ಮುಗಿಸಿದಳು. ಈಗ ಅವಳೇ ಬೇರೆ ಊರಿನಲ್ಲಿ ಟೀಚರು.

ಹೀಗಿದ್ದ ಮನೆಗೆ ಕಾಯಿಲೆ ಬಂತು. ಅಕ್ಕನ ಹೊಟ್ಟೆಯಲ್ಲಿ ಶುರುವಾದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಆಸ್ಪತ್ರೆಯ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ. ಇನ್ನು ವಾಸಿ ಮಾಡುವ ಔಷಧಿ ಇಲ್ಲ, ನೋವು ತಗ್ಗಿಸುವ ಔಷಧಿ ಇದೆ. ಆ ಮೆಟ್ಟಿಲ ಮೇಲಿನ ಮನೆಯಲ್ಲಿ ಅದನ್ನು ಸರಿಯಾಗಿ ಕೊಡಲಾಗದು. ಕೊನೆಯ ದಿನಗಳನ್ನು ನೋಡಿಕೊಳ್ಳುವ ಆರೈಕೆ ಮನೆಗಳಿವೆ, ಒಂದನ್ನು ಆರಿಸಿ ಎಂದರು. ಒಂದು ಮಾತನ್ನು ಮಾತ್ರ ಒತ್ತಿ ಹೇಳಿದರು. ಅಕ್ಕನ ಮೈ ಒಂದೇ ಸಲದ ಸಾಗಾಟವನ್ನು ತಡೆಯುತ್ತದೆ. ಸರಿಹೋಗಲಿಲ್ಲ ಎಂದು ಅಲ್ಲಿಂದ ಇಲ್ಲಿಗೆ ಹೊತ್ತು ತಿರುಗಿಸುವ ಹಾಗಿಲ್ಲ.

ಮಗಳಿಗೆ ರಜೆ ಸಿಗುತ್ತಿದ್ದದ್ದು ಶನಿವಾರ ಭಾನುವಾರ ಮಾತ್ರ. ಆರಿಸುವ ಕೆಲಸ ಮಾವನ ತಲೆಗೆ ಬಂತು. ಹೊರಡುವ ಮುಂಚೆ ಅಕ್ಕ ಅವರನ್ನು ಹತ್ತಿರ ಕರೆದರು.

"ಸಾಯೋದಕ್ಕೆ ಭಯ ಇಲ್ಲ ಕಣೋ ನಂಗೆ. ನೋವು ಬಂದು ಕೂಗಿದಾಗ ಯಾರೂ ಬರದೇ ಹೋದ್ರೆ ಅಂತ, ಅದೊಂದೇ ಭಯ. ಕರೆದ್ರೆ ಯಾರು ಬರ್ತಾರೆ, ಎಷ್ಟು ಬೇಗ ಬರ್ತಾರೆ, ಅದನ್ನ ನೋಡ್ಕೊಂಡು ಬಾ. ಬೇರೇನೂ ಬೇಡ."

ನಿವೃತ್ತಿಯ ತನಕ ಊರಿನವರ ಕರೆಗೆ ಓಗೊಟ್ಟ ಹೆಂಗಸು ಕೇಳಿದ್ದು ಇಷ್ಟೇ. ಮಾವ ತಲೆಯಾಡಿಸಿದರು. ನಂತರ ತಾವೇ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಣ್ಣು ನೋಡಲು ಹೊರಟ ಗಂಡಿನ ಹಾಗೆ ತಲೆ ಬಾಚಿ, ಹೊರಟರು.

ಮೊದಲು ಹೋದದ್ದು ಹೊಸ ಬಡಾವಣೆಯ ದೊಡ್ಡ ಕಟ್ಟಡಕ್ಕೆ. ಗಾಜಿನ ಬಾಗಿಲು, ಹೂಕುಂಡ, ನಗುಮುಖದ ಮ್ಯಾನೇಜರಮ್ಮ. ಇದ್ಯಾವುದಕ್ಕೂ ಮಾವ ಮರುಳಾಗಲಿಲ್ಲ, ಅಷ್ಟು ಪೆದ್ದರಲ್ಲ ಅವರು. ಮರುಳಾದದ್ದು ಬೆಡ್‌ಶೀಟ್‌ಗೆ. ಆ ಉದ್ದನೆ ವಾರ್ಡಿನಲ್ಲಿ ಹಾಲಿನಂಥ ಬೆಡ್‌ಶೀಟ್‌ಗಳು, ಚಾಕುವಿನ ಅಂಚಿನಂಥ ಮಡಿಕೆ, ಒಂದೇ ಒಂದು ಸುಕ್ಕಿಲ್ಲ. ಮಲಗಿದ್ದವರು ಕೂಡ ಕೈಗಳನ್ನು ಹೊದಿಕೆಯ ಮೇಲೆ ಸಮನಾಗಿ ಇಟ್ಟು ನೆಟ್ಟಗೆ ಮಲಗಿದ್ದರು. ಮಾವ ಖಾಲಿ ಹಾಸಿಗೆಯ ಹತ್ತಿರ ಬಗ್ಗಿ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಗಂಜಿ ಹದವಾಗಿತ್ತು. ಯಾವ ಲಾಂಡ್ರಿ, ಯಾವ ಗಂಜಿ, ಸ್ಟೀಮ್ ಇಸ್ತ್ರಿಯೋ ಮಾಮೂಲಿಯೋ ಎಂದು ವಿಚಾರಿಸತೊಡಗಿದರು. ಪಕ್ಕದ ಕೋಣೆಯಿಂದ ಯಾರೋ ಸಣ್ಣ ದನಿಯಲ್ಲಿ 'ಸಿಸ್ಟರ್, ಸಿಸ್ಟರ್' ಎಂದು ಕರೆಯುತ್ತಿದ್ದರು. ಕರೆದು ಕರೆದು ಸುಮ್ಮನಾದರು. ಮಾವ ಆಗ ಮೂಲೆಯ ಮಡಿಕೆಯನ್ನು ಪರೀಕ್ಷಿಸುತ್ತಿದ್ದರು.

ಎರಡನೆಯದು ಬಸ್ ಡಿಪೋದ ಹಿಂದಿನ ಹಳೆಯ ಕಟ್ಟಡ. ಒಳಗೆ ಕಾಲಿಟ್ಟ ಗಳಿಗೆಯೇ ಮಾವ ಮುಖ ಸಿಂಡರಿಸಿದರು. ಬಣ್ಣ ಹೋದ ಬೆಡ್‌ಶೀಟ್‌ಗಳು, ಒಂದು ಹೂವಿನದು, ಇನ್ನೊಂದು ಚೌಕಳಿಯದು, ಯಾವುದಕ್ಕೂ ಇಸ್ತ್ರಿಯ ಬಿಸಿ ತಾಕಿದ ಗುರುತಿಲ್ಲ. ಅದಕ್ಕಿಂತ ಹೆಚ್ಚಿನ ಅನ್ಯಾಯವೆಂದರೆ ಜನ ಹಾಸಿಗೆಯ ಮೇಲೆಯೇ ಕೂತಿದ್ದರು. ಒಬ್ಬ ಅಜ್ಜಿಯ ಕಾಲಬುಡದಲ್ಲಿ ಮೊಮ್ಮಗಳು ಚಕ್ಕಂಬಕ್ಕಳ ಹಾಕಿ ಕೂತು ಬಣ್ಣ ಹಚ್ಚುತ್ತಿದ್ದಳು. ದೊಡ್ಡ ಸಿಸ್ಟರ್ ಎಂದು ಎಲ್ಲರೂ ಕರೆಯುತ್ತಿದ್ದ ಮುಖ್ಯ ನರ್ಸೇ ಒಬ್ಬ ಮುದುಕರ ಪಕ್ಕ ಆನಿಕೊಂಡು ಕೂತು ಅವರ ಉಗುರು ಕತ್ತರಿಸುತ್ತಿದ್ದರು. ಒಂದು ಬೆಕ್ಕು ಬೇರೆ.

ಮಾವನಿಗೆ ತಡೆಯಲಾಗಲಿಲ್ಲ. ಹಾಸಿಗೆಗೆ ಮರ್ಯಾದೆ ಎನ್ನುವುದು ಒಂದಿದೆ, ಗಂಜಿ ಹಾಕಿದ ಬಟ್ಟೆಗೆ ಕೊಳೆ ಬೇಗ ಅಂಟುವುದಿಲ್ಲ ಎಂದು ಅಲ್ಲೇ ನಿಂತು ದೊಡ್ಡ ಭಾಷಣ ಬಿಗಿದರು. ದೊಡ್ಡ ಸಿಸ್ಟರ್ ಉಗುರು ಕತ್ತರಿಸುವುದನ್ನು ನಿಲ್ಲಿಸದೆ ಪೂರ್ತಿ ಕೇಳಿಸಿಕೊಂಡರು. ಕೊನೆಗೆ, ರೋಗಿಗೆ ನಿದ್ದೆ ಸರಿಯಾಗಿ ಬರುತ್ತಿದೆಯಾ, ಯಾವ ಮಗ್ಗುಲಿಗೆ ಮಲಗುತ್ತಾರೆ ಎಂದು ಕೇಳಿದರು. ಬೆಡ್‌ಶೀಟ್ ವಿಷಯ ಮಾತಾಡಿದರೆ ಈಯಮ್ಮ ಮಗ್ಗುಲಿನ ವಿಷಯ ಕೇಳುತ್ತಾರಲ್ಲ ಎಂದು ಮಾವ ಮೂಗು ಮುರಿದು ಹೊರಟು ಬಂದರು.

ಮನೆಗೆ ಬಂದು ವರದಿ ಒಪ್ಪಿಸಿದರು. ಡಿಪೋ ಹಿಂದಿನದು ಸಂತೆ, ಹೊಸ ಬಡಾವಣೆಯದು ಸ್ವರ್ಗ. ಕರೆದರೆ ಯಾರು ಬರುತ್ತಾರೆ ಎಂದು ಅಕ್ಕ ಕೇಳಿದಾಗ ಮಾವ, ಬೆಡ್‌ಶೀಟ್‌ಗಳನ್ನೇ ಇಷ್ಟು ಚೆನ್ನಾಗಿ ನೋಡಿಕೊಳ್ಳುವವರು ಮನುಷ್ಯರನ್ನು ಬಿಡುತ್ತಾರೆಯೇ ಎಂದರು. ಅಕ್ಕ ತಮ್ಮನ ಮುಖವನ್ನೇ ನೋಡಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಇದು ಎಂದು ಅವರಿಗೆ ಗೊತ್ತು. ನಿನಗೆ ಸರಿ ಅನ್ನಿಸಿದರೆ ನನಗೂ ಸರಿ ಎಂದರು. ಮುಂದಿನ ವಾರಕ್ಕೆ ಹಾಸಿಗೆ ಕಾದಿರಿಸುತ್ತೇವೆ, ಕರೆತನ್ನಿ ಎಂದು ಮ್ಯಾನೇಜರಮ್ಮ ಹೇಳಿಯಾಗಿತ್ತು.

ಇಲ್ಲಿಗೆ ನಿಂತಿದ್ದರೆ ಮಾವ ಮಾವನೇ ಅಲ್ಲ. ಕಾಯಿಲೆ ಬಿದ್ದಾಗಿನಿಂದ, ವಾರದ ಕೊನೆಗೆ ಬಂದಾಗಲೆಲ್ಲ, ಅಕ್ಕನಿಗೆ ಮಗಳು ಹಳೆಯ, ತೊಳೆದು ತೊಳೆದು ಮೆತ್ತಗಾದ ಬೆಡ್‌ಶೀಟ್ ಹಾಸುತ್ತಿದ್ದಳು. ಮಾವನ ಕಣ್ಣಿಗೆ ಅದು ಚುಚ್ಚುತ್ತಿತ್ತು. ಸ್ವರ್ಗಕ್ಕೆ ಹೋಗುವ ಮುಂಚೆ ಅಕ್ಕನಿಗೆ ಸ್ವಲ್ಪ ಅಭ್ಯಾಸವಾಗಲಿ ಎಂದುಕೊಂಡು, ಅಂಗಡಿಗೆ ಇಳಿದು, ಒಂದು ಹೊಸ ಬೆಡ್‌ಶೀಟ್‌ಗೆ ಗಟ್ಟಿ ಗಂಜಿ ಹಾಕಿದರು. ಒಣಗಿಸಿ, ನೀರು ಚಿಮುಕಿಸಿ, ಎಷ್ಟು ಪ್ರೀತಿಯಿಂದ ತಿಕ್ಕಿದರೆಂದರೆ ಅಂಗಡಿಗೆ ಬಂದ ಗಿರಾಕಿಗಳು ಕಾದು ಬೇಸತ್ತು ವಾಪಸ್ಸು ಹೋದರು. ಸಂಜೆ ಅದನ್ನು ಹಾಸಿ ಅಕ್ಕನನ್ನು ಅಂಗಾತ ಮಲಗಿಸಿದರು. ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಕಣೋ, ಮದುವೆ ಹಾಸಿಗೆ ಹಾಗಿದೆ ಎಂದರು ಅಕ್ಕ.

ಬೆಳಿಗ್ಗೆ ಮೈ ಒರೆಸಲು ಬರುತ್ತಿದ್ದ ಪಕ್ಕದ ಮನೆಯಾಕೆ ಅಕ್ಕನನ್ನು ಮಗ್ಗುಲಿಗೆ ತಿರುಗಿಸಿ, ಮಾವನನ್ನು ಕರೆದರು. ಅಕ್ಕನ ಬೆನ್ನ ಮೇಲೆ, ಮೂಳೆ ಎದ್ದು ಕಾಣುವ ಆ ತೆಳು ಚರ್ಮದ ಮೇಲೆ, ಮೇಲಿನಿಂದ ಕೆಳಗೆ ನೇರವಾಗಿ ಒಂದು ಕೆಂಪು ಗೆರೆ. ಅದಕ್ಕೆ ಅಡ್ಡಲಾಗಿ ಇನ್ನೊಂದು. ಮಾವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಅದು ಅವರದೇ ಮಡಿಕೆ, ಅವರದೇ ಕೈಯ ಅಳತೆ. ರಾತ್ರಿಯೆಲ್ಲ ಅಕ್ಕ ಅದರ ಮೇಲೆ ಮಲಗಿದ್ದರು.

"ಯಾಕೆ ಹೇಳ್ಲಿಲ್ಲ?" ಎಂದರು ಮಾವ.

"ನೀನು ಅಷ್ಟು ಮುತುವರ್ಜಿಯಿಂದ ಮಾಡಿದ್ದೆ. ಹೇಗೆ ಹೇಳ್ಲಿ?"

ಮಾವ ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ನಾಚಿಕೆಯಾಯಿತು, ಅಳುವೂ ಬಂತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಿರಾಕಿಗಳಿಗೆ ಆಗಾಗ ಬುದ್ಧಿ ಹೇಳುತ್ತಿದ್ದವರು ತಾವೇ. ಗಂಜಿ ಹಾಕಿದ ಬಟ್ಟೆ ಹಾಗೇ ಗರಿಗರಿಯಾಗಿ ಉಳಿಯಬೇಕಾದರೆ ಅದರ ಮೇಲೆ ಯಾರೂ ಹೊರಳಬಾರದು, ಬೆವರಬಾರದು, ಯಾರೂ ಬಂದು ಕೂರಬಾರದು. ಇದು ಅವರಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು? ಹೊಸ ಬಡಾವಣೆಯಲ್ಲಿ ಕೈಗಳನ್ನು ಸಮನಾಗಿ ಇಟ್ಟು ಮಲಗಿದ್ದವರು ನೆನಪಾದರು. ಪಕ್ಕದ ಕೋಣೆಯಿಂದ ಬಂದ ಆ ಸಣ್ಣ ದನಿಯೂ ನೆನಪಾಯಿತು. ಕೇಳಿಸಿಯೂ ಕೇಳಿಸಿಕೊಂಡಿರಲಿಲ್ಲ ಅವರು.

ಮೊದಲು ಮಾಡಿದ ಕೆಲಸ, ಮಗಳ ಮೆತ್ತನೆಯ ಬೆಡ್‌ಶೀಟ್ ಹುಡುಕಿ ಹಾಸಿದ್ದು. ಎರಡನೆಯದು, ಮ್ಯಾನೇಜರಮ್ಮನಿಗೆ ಫೋನ್ ಮಾಡಿ, ರಾತ್ರಿ ಹೊತ್ತು ನೋವು ಹೆಚ್ಚಾದರೆ ಏನು ಮಾಡುತ್ತೀರಿ ಎಂದು ಕೇಳಿದ್ದು. ಡಾಕ್ಟರಿಗೆ ಫೋನ್ ಮಾಡುತ್ತೇವೆ, ಅವರು ಬೆಳಿಗ್ಗೆ ರೌಂಡ್ಸಿಗೆ ಬಂದಾಗ ನೋಡುತ್ತಾರೆ ಎಂದರು ಆಕೆ, ಅದೇ ನಗುವ ದನಿಯಲ್ಲಿ. ಮಾವ ಹಾಸಿಗೆ ಬೇಡ ಎಂದು ಹೇಳಿ ಫೋನ್ ಇಟ್ಟರು.

ಮೂರನೆಯ ಕೆಲಸ ಕಷ್ಟದ್ದು. ಭಾಷಣ ಬಿಗಿದು ಬಂದ ಕಡೆಗೆ ಮತ್ತೆ ಹೋಗಬೇಕಿತ್ತು. ಬಾಲ ಮುದುರಿಕೊಂಡೇ ಹೋದರು. ದೊಡ್ಡ ಸಿಸ್ಟರ್ ಗುರುತು ಹಿಡಿದು, ಅಕ್ಕ ಯಾವ ಮಗ್ಗುಲಿಗೆ ಮಲಗುತ್ತಾರೆ ಎಂದು ಹಳೆಯ ಪ್ರಶ್ನೆಯನ್ನೇ ಕೇಳಿದರು. ಎಡಕ್ಕೆ ಎಂದರು ಮಾವ. ನಂತರ ಫೋನಿನಲ್ಲಿ ಕೇಳಿದ್ದನ್ನೇ ಇಲ್ಲೂ ಕೇಳಿದರು. ನೋವಿನ ಔಷಧಿ ಎಷ್ಟು, ಯಾವಾಗ ಎಂದು ಡಾಕ್ಟರ್ ಮೊದಲೇ ಬರೆದಿಟ್ಟಿರುತ್ತಾರೆ, ರಾತ್ರಿಯ ನರ್ಸ್ ಯಾರನ್ನೂ ಕಾಯದೆ ಕೊಡುತ್ತಾಳೆ ಎಂದರು ದೊಡ್ಡ ಸಿಸ್ಟರ್. ಹೋದ ಸಲ ಮಾವ ಕೆಟ್ಟದ್ದು ಮಾತು ನಂಬಿ ಅಲ್ಲ, ಕಣ್ಣು ನಂಬಿ. ಆದ್ದರಿಂದ ಈ ಸಲ ಎರಡನ್ನೂ ನಂಬಲಿಲ್ಲ.

"ನಾನೇ ಒಂದು ಸ್ವಲ್ಪ ಹೊತ್ತು ಮಲಗಿ ನೋಡ್ಲಾ ಸಿಸ್ಟರ್?"

ದೊಡ್ಡ ಸಿಸ್ಟರ್ ಖಾಲಿ ಹಾಸಿಗೆಯೊಂದನ್ನು ತೋರಿಸಿ, ಚಪ್ಪಲಿ ಮಾತ್ರ ಕೆಳಗೆ ಬಿಡಿ ಯಜಮಾನ್ರೆ ಎಂದರು.

ಹಾಡುಹಗಲು, ಗಂಜಿ ಹಾಕಿದ ಅಂಗಿಯಲ್ಲೇ, ಮಾವ ಹಾಸಿಗೆ ಏರಿದರು. ಬೆಡ್‌ಶೀಟ್ ಹಳೆಯ ಪಂಚೆಯಷ್ಟು ಮೆತ್ತಗಿತ್ತು. ಎದುರಿನ ಹಾಸಿಗೆಯಲ್ಲಿ ಯಾರೋ ನರಳಿದರು. ಬೆಲ್ ಕೂಡ ಒತ್ತಿರಲಿಲ್ಲ, ಆಗಲೇ ನೆಲ ಒರೆಸುತ್ತಿದ್ದಾಕೆ ಬಂದು ಕೈ ಹಿಡಿದು ನಿಂತಳು, ಹಿಂದೆಯೇ ನರ್ಸ್ ಬಂದಳು. ಮಾವ ಒಂದು ಕಣ್ಣಲ್ಲಿ ಎಲ್ಲ ನೋಡುತ್ತಿದ್ದರು. ಎಷ್ಟೋ ದಿನದಿಂದ ನಿದ್ದೆಗೆಟ್ಟ ಮೈ, ಆ ಒಂದು ಕಣ್ಣೂ ಮುಚ್ಚಿಹೋಯಿತು. ಎಚ್ಚರವಾದಾಗ ಮಂಡಿಯ ಕೆಳಗೆ ಒಂದು ದಿಂಬಿತ್ತು. ಯಾರು ಇಟ್ಟರೋ, ಯಾವಾಗ ಇಟ್ಟರೋ. ಕಾಲ ಬಳಿ ಬೆಕ್ಕು ಮಲಗಿತ್ತು. ಇಡೀ ದಿನ ಇಸ್ತ್ರಿ ಮೇಜಿನ ಮುಂದೆ ನಿಂತು ನಿಂತು ನೋಯುವ ಆ ಮಂಡಿಯನ್ನು ಕೇಳದೆಯೇ ಕಂಡುಹಿಡಿದವರು ಅಕ್ಕನ ಬೆನ್ನನ್ನೂ ಕಂಡುಹಿಡಿಯುತ್ತಾರೆ ಎಂದು ಮಾವನಿಗೆ ನಂಬಿಕೆ ಬಂತು.

ಅಕ್ಕ ಅಲ್ಲಿಗೆ ಹೋದರು. ಮೊದಲ ದಿನವೇ ಪರೀಕ್ಷೆಗೆಂದು ಸುಮ್ಮಸುಮ್ಮನೆ ಬೆಲ್ ಒತ್ತಿ, ಓಡಿ ಬಂದ ನರ್ಸಿಗೆ, ಲೈನ್ ಸರಿ ಇದೆ ಎಂದು ಹೇಳಿ ಕಳಿಸಿದರಂತೆ. ಆಮೇಲೆ ಅಷ್ಟಾಗಿ ಒತ್ತುವ ಅಗತ್ಯ ಬರಲಿಲ್ಲ. ನೋವು ಇಳಿದ ಮೇಲೆ ನಾಲಿಗೆ ಮತ್ತೆ ಚುರುಕಾಯಿತು. ವಾರ್ಡಿನವರಿಗೆಲ್ಲ ಅಡ್ಡಹೆಸರು ಇಟ್ಟರು. ಮಗಳು ಬಂದಾಗ ಹಾಸಿಗೆಯ ಮೇಲೆಯೇ ಅಂಟಿಕೊಂಡು ಕೂರುತ್ತಿದ್ದಳು, ಚಿಕ್ಕಂದಿನ ಬಾಕಿಯೆಲ್ಲ ತೀರಿಸುವವಳ ಹಾಗೆ. ಮಾವ ದಿನಾ ಅಂಗಡಿ ಮುಚ್ಚಿ ಬರುತ್ತಿದ್ದರು. ಬಂದು, ಹಾಸಿಗೆಯ ಪಕ್ಕ ನಿಲ್ಲುತ್ತಿದ್ದರು. ಬುದ್ಧಿ ಕಲಿತಿದ್ದರೂ ಮೈ ಕಲಿತಿರಲಿಲ್ಲ.

ಅಕ್ಕನ ಉಸಿರು ಸಣ್ಣಗಾದ ಒಂದು ಮಧ್ಯಾಹ್ನ ದೊಡ್ಡ ಸಿಸ್ಟರ್ ಮಗಳಿಗೂ ಅಂಗಡಿಗೂ ಫೋನ್ ಮಾಡಿದರು. ಮಾವ ಇಸ್ತ್ರಿ ಆರಿಸಿ ಓಡಿದರು. ಅಕ್ಕ ಎಡಮಗ್ಗುಲಿಗೆ ಮಲಗಿದ್ದರು, ಮುಖದಲ್ಲಿ ನೋವಿನ ಗೆರೆ ಇರಲಿಲ್ಲ. ಕಣ್ಣು ತೆರೆದು, ಪಕ್ಕದಲ್ಲಿ ಕಂಬದ ಹಾಗೆ ನಿಂತಿದ್ದ ತಮ್ಮನನ್ನು ನೋಡಿದರು.

"ಕೂತ್ಕೋ."

"ಮುದುರತ್ತೆ ಅಕ್ಕ."

"ಮುದುರ್ಲಿ ಬಿಡು."

ಮಾವ ಕೂತರು. ಅಕ್ಕನ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. ಸ್ವಲ್ಪ ಸ್ವಲ್ಪವೇ ಒಳಗೆ ಸರಿದು ಕಾಲುಗಳನ್ನೂ ಮೇಲೆತ್ತಿಕೊಂಡರು. ಊರಿನಿಂದ ಬಂದ ಮಗಳು ತಲೆದೆಸೆಯಲ್ಲಿದ್ದಳು. ಅವತ್ತು ಸಂಜೆ ಅಕ್ಕ ಹೋದರು. ಯಾರನ್ನೂ ಕರೆಯಬೇಕಾಗಿರಲಿಲ್ಲ, ಬರಬೇಕಾದವರೆಲ್ಲ ಪಕ್ಕದಲ್ಲೇ ಇದ್ದರು.

ಅಕ್ಕನನ್ನು ಕೊಂಡೊಯ್ದ ಮೇಲೆ ನೆಲ ಒರೆಸುವಾಕೆ ಬೆಡ್‌ಶೀಟ್ ತೆಗೆಯಲು ಬಂದಳು. ಅದರ ಮೇಲೆ ಎರಡು ತಗ್ಗು ಬಿದ್ದಿದ್ದವು, ಒಂದು ಅಕ್ಕ ಮಲಗಿದ್ದಲ್ಲಿ, ಇನ್ನೊಂದು ಅದಕ್ಕೆ ಒತ್ತಿಕೊಂಡ ಹಾಗೆ ಪಕ್ಕದಲ್ಲಿ. ಸುತ್ತ ಸುಕ್ಕೋ ಸುಕ್ಕು. ಆಕೆ ಅಂಚಿಗೆ ಕೈ ಹಾಕಿದಾಗ ಮಾವ ತಡೆದರು.

"ಈಗಲೇ ಎಳೀಬೇಡಮ್ಮ," ಎಂದರು. "ಸ್ವಲ್ಪ ಹೊತ್ತು ಹಾಗೇ ಇರ್ಲಿ."